ಯುಗಾದಿ ಜಾತ್ರೆಯಲ್ಲಿ ಕಂಸಾಳೆ: ಹಾಡು ಕೇಳಲು ಮಾದಪ್ಪನ ಬೆಟ್ಟಕ್ಕೆ ಹೋಗುವವರಿಗೆ

ಜನರ ಬಾಯಲ್ಲಿ ಮಾದಪ್ಪನ ಬೆಟ್ಟವಾದ ಮಲೆ ಮಹದೇಶ್ವರ ಬೆಟ್ಟದ ಯುಗಾದಿ ಜಾತ್ರೆಗೆ ಹೆಚ್ಚಿನವರು ಹೋಗುವುದು ತೇರು ನೋಡಲು, ಹರಕೆ ತೀರಿಸಲು. ಈ ಬರಹ ಕಂಸಾಳೆ, ಅಂದರೆ ಕಂಚಿನ ತಾಳ ಹೊಡೆಯುತ್ತ ಹೇಳುವ ಮಾದಪ್ಪನ ಹಾಡುಗತೆ ಕೇಳಲು ಹೋಗುವವರಿಗಾಗಿ. ತೀರ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅಮಾವಾಸ್ಯೆಯ ರಾತ್ರಿ ಬೆಟ್ಟದ ಮೇಲೆಯೇ ಉಳಿದು, ಒಂದೇ ಮೇಳದ ಮುಂದೆ ಒಂದು ಕತೆ ಮುಗಿಯುವವರೆಗೆ ಕೂತವರಿಗೆ ಹಳೆ ಮೈಸೂರು ಸೀಮೆಯ ಬೇಸಿಗೆ ಜಾತ್ರೆಗಳಲ್ಲಿ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಹಬ್ಬದ ದಿನ ಮಧ್ಯಾಹ್ನ ಹತ್ತಿ ಸಂಜೆ ಬಸ್ಸಿಗೆ ಇಳಿದುಬಿಡುವವರಿಗೆ ಹಾಡು ಅನ್ನುವುದು ಕ್ಯಾಸೆಟ್ ಅಂಗಡಿಯ ಮೈಕಿನಲ್ಲಿ ಕೇಳಿಸಿದ್ದಷ್ಟೇ. ಜಾತ್ರೆ ಅದೇ, ಬೆಟ್ಟ ಅದೇ. ಯಾವ ಹೊತ್ತಿಗೆ, ಎಲ್ಲಿ ಕೂರುತ್ತೀರಿ ಎಂಬುದರಲ್ಲಿ ವ್ಯತ್ಯಾಸವೆಲ್ಲ ಇದೆ.

ಬೆಟ್ಟ ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿನಲ್ಲಿ, ತಮಿಳುನಾಡಿನ ಗಡಿಗೆ ಹತ್ತಿಕೊಂಡ ಕಾಡಿನ ನಡುವೆ, ಸುಮಾರು 3000 ಅಡಿ ಎತ್ತರದಲ್ಲಿದೆ. ವರ್ಷದಲ್ಲಿ ಶಿವರಾತ್ರಿ, ಯುಗಾದಿ, ಮಹಾಲಯ ಅಮಾವಾಸ್ಯೆ, ದೀಪಾವಳಿಗೆ ದೊಡ್ಡ ಜನ ಸೇರುತ್ತದೆ. ಬೇಸಿಗೆಯ ಜಾತ್ರೆ ಎಂದರೆ ಯುಗಾದಿಯದು. ಹಬ್ಬಕ್ಕೆ ಎರಡು ಮೂರು ದಿನ ಮೊದಲೇ ಜನ ಬರತೊಡಗುತ್ತಾರೆ, ಅಮಾವಾಸ್ಯೆಯ ರಾತ್ರಿ ಬೆಟ್ಟ ತುಂಬುತ್ತದೆ, ಯುಗಾದಿಯಂದು ಮಹಾರಥೋತ್ಸವ. 2025ರಲ್ಲಿ ಯುಗಾದಿ ಮಾರ್ಚ್ 30ಕ್ಕೆ ಬಂದಿತ್ತು, 2026ರಲ್ಲಿ ಮಾರ್ಚ್ 19ಕ್ಕೆ. ದಿನಾಂಕ ಪ್ರತಿವರ್ಷ ಸರಿಯುವುದರಿಂದ ರಜೆ ಹಾಕುವಾಗ ಹಬ್ಬದ ದಿನವನ್ನಲ್ಲ, ಅದರ ಹಿಂದಿನ ರಾತ್ರಿಯನ್ನು ಲೆಕ್ಕಕ್ಕೆ ಹಿಡಿಯಿರಿ.

ಕೇಳಬೇಕಾದದ್ದು ಏನು ಎಂದು ಗೊತ್ತಿಲ್ಲದೆ ಹೋದವರು ಸಾಮಾನ್ಯವಾಗಿ ಬೀಸು ಕಂಸಾಳೆಯ ಕುಣಿತ ನೋಡಿ, ಅದೇ ಕಂಸಾಳೆ ಎಂದುಕೊಂಡು ವಾಪಸಾಗುತ್ತಾರೆ. ಕುಣಿತ ಅದರ ಒಂದು ಮುಖ. ಮೂಲದಲ್ಲಿ ಇದು ಕೂತು, ನಿಂತು ಹೇಳುವ ಹಾಡುಗತೆ. ಕಂಸಾಳೆ ಒಂದು ಜೋಡಿ ಕಂಚಿನ ತಾಳ. ಒಂದು ಬಟ್ಟಲಿನಂತೆ ತಗ್ಗಾಗಿದ್ದು ಎಡ ಅಂಗೈಯಲ್ಲಿ ಕೂರುತ್ತದೆ. ಇನ್ನೊಂದು ಚಪ್ಪಟೆ ಬಿಲ್ಲೆ, ನಡುವಿನ ತೂತಿನಿಂದ ದಾರ ಪೋಣಿಸಿ ತುದಿಗೆ ಗೊಂಡೆ ಕಟ್ಟಿರುತ್ತಾರೆ. ಅದು ಬಲಗೈಗೆ. ಬಿಲ್ಲೆಯ ಅಂಚನ್ನು ಬಟ್ಟಲಿನ ಅಂಚಿಗೆ ತಾಗಿಸಿದರೆ ಚೂಪಾದ, ಉದ್ದಕ್ಕೆ ಎಳೆಯುವ ನಾದ. ಮುಖಕ್ಕೆ ಮುಖ ಒತ್ತಿ ಹಿಡಿದರೆ ಗಿಡ್ಡದಾದ, ಮುಚ್ಚಿದ ನಾದ. ಅಂಗೈಯನ್ನು ಎಷ್ಟು ಬಿಗಿಯುತ್ತಾರೆ ಎಂಬುದರ ಮೇಲೆ ಬಟ್ಟಲಿನ ಗುಂಗು ಉಳಿಯುವುದೋ ಕಡಿಯುವುದೋ ನಿರ್ಧಾರವಾಗುತ್ತದೆ. ಒಳ್ಳೆಯ ಹಾಡುಗಾರನ ಎಡಗೈಯನ್ನು ಒಂದು ಹತ್ತು ನಿಮಿಷ ಬರೀ ನೋಡುತ್ತ ಕೂತರೂ ನಷ್ಟವಿಲ್ಲ. ಮಾತು ಬರುವ ಕಡೆ ಬೆರಳು ಮುಚ್ಚುತ್ತವೆ, ಹಿಮ್ಮೇಳದವರು ಎತ್ತಿ ಹಾಡುವ ಪಲ್ಲವಿ, ಅಂದರೆ ಸೊಲ್ಲು, ಬರುವ ಕಡೆ ಬಿಚ್ಚುತ್ತವೆ.

ಹಾಡುವವರು ದೇವರಗುಡ್ಡರು. ಗುರುವಿನಿಂದ ದೀಕ್ಷೆ ಪಡೆದು, ಕೊರಳಿಗೆ ರುದ್ರಾಕ್ಷಿ, ಹಣೆಗೆ ವಿಭೂತಿ, ಹೆಗಲಿಗೆ ಜೋಳಿಗೆ, ಕೈಯಲ್ಲಿ ಬೆತ್ತ ಹಿಡಿದು ಮಾದಪ್ಪನ ಒಕ್ಕಲಿನ, ಅಂದರೆ ಅವನಿಗೆ ನಡೆದುಕೊಳ್ಳುವ ಭಕ್ತರ, ಊರುಗಳಲ್ಲಿ ಭಿಕ್ಷೆ ಮಾಡುವ, ಕತೆ ಹೇಳುವ ಪರಂಪರೆ ಅವರದು. ಹಾಲುಮತದ ಕುರುಬರು ಇದರಲ್ಲಿ ಹೆಚ್ಚು, ಬೇರೆ ಬೇರೆ ಜಾತಿಯವರೂ ಇದ್ದಾರೆ. ಮೇಳ ಚಿಕ್ಕದು. ಕತೆ ನಡೆಸುವ ಮುಖ್ಯ ಹಾಡುಗಾರ ಒಬ್ಬ, ಸೊಲ್ಲು ಹಿಡಿಯುವವರು ಇಬ್ಬರೋ ಮೂವರೋ, ಜೊತೆಗೆ ತಂಬೂರಿ, ಕೆಲವು ಕಡೆ ದಮ್ಮಡಿ ಎಂಬ ಚರ್ಮವಾದ್ಯ. ಹಾರ್ಮೋನಿಯಂ, ರಿದಂ ಪ್ಯಾಡ್ ಕಂಡರೆ ಅದು ವೇದಿಕೆಗೆ ಒಗ್ಗಿಸಿಕೊಂಡ ತಂಡ ಎಂದು ತಿಳಿಯಿರಿ. ಕೆಟ್ಟದ್ದು ಎಂದು ಅರ್ಥವಲ್ಲ, ಆದರೆ ಅಲ್ಲಿ ಸಿಗುವುದು ಬಿಡಿ ಹಾಡು. ಬೆಟ್ಟಕ್ಕೆ ಬಂದು ಬಿಡಿ ಹಾಡು ಕೇಳುವುದು ನಮ್ಮ ಲೆಕ್ಕದಲ್ಲಿ ಅವಕಾಶ ಕಳೆದುಕೊಂಡ ಹಾಗೆ. ಬಿಡಿ ಹಾಡು ಯೂಟ್ಯೂಬಿನಲ್ಲಿ ಬೇಕಾದಷ್ಟಿವೆ.

ಮಾದಪ್ಪನ ಕಾವ್ಯ ದೊಡ್ಡದು. ಅದನ್ನು ಸಾಲುಗಳಾಗಿ, ಅಂದರೆ ಒಂದೊಂದು ಬಿಡಿ ಕತೆಯಾಗಿ, ವಿಂಗಡಿಸಿ ಹಾಡುತ್ತಾರೆ. ಶ್ರವಣದೊರೆಯ ಸಾಲು, ಜುಂಜೇಗೌಡನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಸರಗೂರಯ್ಯನ ಸಾಲು, ಸಂಕಮ್ಮನ ಸಾಲು. ಎಲ್ಲವನ್ನೂ ಬಿಡಿಸಿ ಹಾಡಿ ಮುಗಿಸಲು ಹಲವು ರಾತ್ರಿ ಬೇಕು. ಒಂದೇ ಸಾಲನ್ನು ಅಡಕ ಮಾಡಿ ಹೇಳಿದರೆ ಎರಡು ಮೂರು ಗಂಟೆ, ವಿಸ್ತಾರವಾಗಿ ಹೇಳಿದರೆ ರಾತ್ರಿಯೆಲ್ಲ. ಅದಕ್ಕೇ ಹೊಸಬರು ಯಾವ ಸಾಲು ಕೇಳಬೇಕು ಎಂದು ಮೊದಲೇ ಮನಸ್ಸು ಮಾಡಿಕೊಂಡು ಹೋಗುವುದು ಉತ್ತಮ.

ಮೊದಲ ಸಲ ಕೇಳುವವರಿಗೆ ನಮ್ಮ ಆಯ್ಕೆ ಸಂಕಮ್ಮನದು. ಕಾಡಿನ ಸೋಲಿಗ ಬುಡಕಟ್ಟಿನ ನೀಲೇಗೌಡ ಕಾಡಿಗೆ ಹೊರಡುವಾಗ ಹೆಂಡತಿ ಸಂಕಮ್ಮನ ಶೀಲವನ್ನು ಶಂಕಿಸಿ ಬಲಗೈ ಭಾಷೆ, ಅಂದರೆ ಆಣೆ, ಕೇಳುತ್ತಾನೆ. ಆಕೆ ಒಪ್ಪುವುದಿಲ್ಲ. ಹಿಂಸೆ ಕೊಟ್ಟು, ಗುಡಿಸಲಲ್ಲಿ ಕೂಡಿಹಾಕಿ, ದಿಗ್ಬಂಧನ ಹಾಕಿ ಹೋಗುತ್ತಾನೆ. ಮಾದಪ್ಪ ಬಂದು ಕಾಯುತ್ತಾನೆ, ಕಾರಯ್ಯ, ಬಿಲ್ಲಯ್ಯ ಎಂಬ ಅವಳಿ ಮಕ್ಕಳ ವರ ಕೊಡುತ್ತಾನೆ. ಇದನ್ನೇ ಆರಿಸಲು ಕಾರಣ ಕತೆ ಮಾತ್ರ ಅಲ್ಲ. ಗಂಡ ಹೆಂಡಿರ ವಾದ ಇರುವುದರಿಂದ ಹಾಡುಗಾರ ಮಾತು, ಹಾಡು, ಅಳು ಮೂರನ್ನೂ ಬಳಸಲೇಬೇಕಾಗುತ್ತದೆ. ಹಾಗಾಗಿ ಅವನ ಕಸುಬು ಎಷ್ಟು ಆಳ ಎಂಬುದು ಇಲ್ಲಿ ಗೊತ್ತಾಗಿಬಿಡುತ್ತದೆ. ಸಂಕಮ್ಮ ಭಾಷೆ ಕೊಡಲು ಒಲ್ಲೆ ಎನ್ನುವ ಜಾಗವನ್ನು ಎರಡು ಸೊಲ್ಲಿನಲ್ಲಿ ದಾಟಿಸಿಬಿಟ್ಟರೆ ಆ ಮೇಳ ಅವಸರದಲ್ಲಿದೆ. ಅದೇ ಪ್ರಶ್ನೆಯನ್ನು ನೀಲೇಗೌಡ ಮತ್ತೆ ಮತ್ತೆ ಕೇಳಿ, ಪ್ರತಿ ಸಲವೂ ಮಟ್ಟು ಸ್ವಲ್ಪ ಏರಿ, ಕಂಸಾಳೆಯ ಪೆಟ್ಟು ಒತ್ತಾಗುತ್ತ ಹೋದರೆ ಅಲ್ಲಿಂದ ಏಳಬೇಡಿ.

ಹಾಸ್ಯ, ಜಗಳ ಬೇಕೆನ್ನುವವರಿಗೆ ಬೇವಿನಹಟ್ಟಿ ಕಾಳಮ್ಮನ ಸಾಲು ಸರಿ. ಸಿರಿವಂತೆ ಕಾಳಮ್ಮ ಭಿಕ್ಷೆಗೆ ಬಂದ ಮಾದಪ್ಪನನ್ನು ಬೈದು ಕಳಿಸುವ ಭಾಗದಲ್ಲಿ ಹಾಡುಗಾರ ಊರ ಹೆಂಗಸರ ಬಾಯಿಮಾತನ್ನೆಲ್ಲ ತರುತ್ತಾನೆ. ಮಕ್ಕಳನ್ನು ಕರೆದುಕೊಂಡು ಹೋದವರಿಗೂ ಇದೇ ಅನುಕೂಲ. ಬಂಕಾಪುರಿಯ ಶ್ರವಣದೊರೆಯ ಕತೆಯಲ್ಲಿ ಹರಳಯ್ಯ ಪಾದುಕೆ ಮಾಡುವ ಪ್ರಸಂಗ ಬರುತ್ತದೆ. ಅದು ಬಹಳ ಗಂಭೀರ, ನಿಧಾನ, ತುಸು ಕೇಳಿ ಪಳಗಿದ ಕಿವಿಗೆ.

ಮೇಳವನ್ನು ಹುಡುಕುವುದು ಹೇಗೆ ಎಂಬುದೇ ಅನೇಕರ ತೊಡಕು. ಇದಕ್ಕೆ ಕರಪತ್ರ ಇಲ್ಲ, ಟಿಕೆಟ್ ಇಲ್ಲ, ಹೊತ್ತು ಗೊತ್ತಿಲ್ಲ. ದೇವರಗುಡ್ಡರು ತಮ್ಮ ಒಕ್ಕಲಿನ ಭಕ್ತರೊಂದಿಗೆ ಬೆಟ್ಟಕ್ಕೆ ಬರುತ್ತಾರೆ, ಅವರು ಇಳಿದುಕೊಂಡ ಕಡೆಯೇ ಹಾಡುತ್ತಾರೆ. ಹಾಗಾಗಿ ದೇವಸ್ಥಾನದ ಮುಂದಿನ ನೂಕುನುಗ್ಗಲಿನಲ್ಲಿ ಹುಡುಕಿದರೆ ಸಿಗುವುದು ಕಡಿಮೆ. ಸಂಜೆ ಏಳರ ನಂತರ, ಊರಿನಿಂದ ಟ್ರ್ಯಾಕ್ಟರ್, ಟೆಂಪೋ ಮಾಡಿಕೊಂಡು ಬಂದವರು ಒಲೆ ಹೂಡಿ ಅಡುಗೆ ಮಾಡುವ ಬಯಲುಗಳ ಕಡೆ, ಛತ್ರಗಳ ಜಗಲಿ ಕಡೆ ನಡೆಯಿರಿ. ಕಂಚಿನ ಸದ್ದು ಬಲು ದೂರ ಹೋಗುವುದರಿಂದ ಕಿವಿಯೇ ದಾರಿ ತೋರಿಸುತ್ತದೆ. ಒಂದು ಕಡೆ ನಿಂತು ಎರಡು ನಿಮಿಷ ಸುಮ್ಮನೆ ಆಲಿಸಿ, ಸದ್ದು ಬಂದ ಕಡೆ ಹೋಗಿ. ಕಾಲ್ನಡಿಗೆಯಲ್ಲಿ ಬರುವ ಗುಂಪುಗಳು ದಾರಿಯಲ್ಲಿ ಘಟ್ಟದ ಬುಡದ ತಾಳುಬೆಟ್ಟದ ಕಡೆ ತಂಗುವಾಗಲೂ ಪದ ಹೇಳುವುದುಂಟು. ಅಲ್ಲಿ ಜನ ಕಡಿಮೆ ಇರುವುದರಿಂದ ಹತ್ತಿರ ಕೂತು ಕೇಳಬಹುದು.

ಸಿಕ್ಕ ಮೇಲೆ ನಡೆದುಕೊಳ್ಳುವ ರೀತಿ ಮುಖ್ಯ. ಇದು ಪ್ರದರ್ಶನ ಅಲ್ಲ, ಆ ಒಕ್ಕಲಿನವರ ಸೇವೆ. ಚಪ್ಪಲಿ ಬಿಟ್ಟು, ಅವರ ಚಾಪೆಯ ಅಂಚಿನಲ್ಲಿ ಕೂರಿ. ಮನೆಯ ಹಿರಿಯರನ್ನು, “ಅಜ್ಜಾ, ನಾವೂ ಕೂತ್ಕೊಂಡು ಪದ ಕೇಳ್ಬೋದಾ?” ಎಂದು ಒಂದು ಮಾತು ಕೇಳಿದರೆ ಸಾಕು, ಬೇಡ ಎನ್ನುವವರು ವಿರಳ, ಊಟಕ್ಕೂ ಕೂರಿಸುತ್ತಾರೆ. ನಿಮಗೆ ಬೇಕಾದ ಸಾಲು ಇದ್ದರೆ ಕತೆಯ ನಡುವೆ ಕೇಳಬಾರದು. ಎಲೆ ಅಡಿಕೆ ಹಾಕಿಕೊಳ್ಳಲು ನಿಲ್ಲಿಸುವ ಹೊತ್ತಿಗೆ, “ಅಯ್ಯಾ, ಸಂಕಮ್ಮನ ಸಾಲು ಎತ್ಕೊಳ್ಳಿ, ಬೆಳಗಾಗೋವರ್ಗೂ ಕೂತಿರ್ತೀವಿ” ಅನ್ನಿ. ಬೆಳಗಿನವರೆಗೆ ಕೂರುತ್ತೇವೆ ಎಂಬ ಮಾತಿಗೆ ಅಲ್ಲಿ ಬಹಳ ಬೆಲೆ. ಹಾಗೆ ಹೇಳಿ ಅರ್ಧಕ್ಕೆ ಎದ್ದು ಹೋಗಬೇಡಿ. ಕಾಣಿಕೆಯನ್ನು ಹಾಡುಗಾರನ ಕೈಗೆ ತುರುಕದೆ ಜೋಳಿಗೆಗೋ ತಟ್ಟೆಗೋ ಹಾಕಬೇಕು. ಎಷ್ಟು ಎಂಬುದಕ್ಕೆ ನಿಯಮವಿಲ್ಲ. ಸಿನಿಮಾ ಟಿಕೆಟ್ಟಿಗೆ ಕೊಡುವಷ್ಟನ್ನಾದರೂ ರಾತ್ರಿಯಿಡೀ ಹಾಡಿದವರಿಗೆ ಕೊಡುವುದು ನ್ಯಾಯ. ಯುಪಿಐ ಇದೆಯಾ ಎಂದು ಕತೆಯ ನಡುವೆ ಕೇಳುವ ಪ್ರಸಂಗ ಬರದಂತೆ ಚಿಲ್ಲರೆ ನೋಟು ಇಟ್ಟುಕೊಂಡಿರಿ. ಜನ ಹೆಚ್ಚಾದ ದಿನ ಬೆಟ್ಟದಲ್ಲಿ ನೆಟ್‌ವರ್ಕ್ ನಂಬುವಂತಿಲ್ಲ.

ಕೂರುವ ಜಾಗದ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಎಷ್ಟು ಹತ್ತಿರವಾದರೆ ಅಷ್ಟು ಒಳ್ಳೆಯದು ಎಂದುಕೊಂಡು ಹಾಡುಗಾರನ ಮೊಣಕಾಲಿಗೆ ತಾಗಿ ಕೂರುತ್ತಾರೆ. ಕಂಚಿನ ನಾದ ತೀಕ್ಷ್ಣ. ಆರೇಳು ಅಡಿಯೊಳಗೆ ಅದು ಮಾತನ್ನು ನುಂಗಿಬಿಡುತ್ತದೆ, ಅರ್ಧ ಗಂಟೆಯಲ್ಲಿ ಕಿವಿ ಗುಂಯ್‌ಗುಟ್ಟತೊಡಗುತ್ತದೆ. ಹನ್ನೆರಡರಿಂದ ಹದಿನೈದು ಅಡಿ ದೂರ, ಮುಖ್ಯ ಹಾಡುಗಾರನ ಬಾಯಿಗೆ ನೇರವಾಗಿ, ತಂಬೂರಿ ಹಿಡಿದವನ ಕಡೆಗೆ ತುಸು ವಾಲಿ ಕೂತರೆ ಮಾತು, ಕಂಸಾಳೆ, ತಂಬೂರಿ ಮೂರೂ ಕೂಡಿ ಕೇಳಿಸುತ್ತವೆ. ಸೊಲ್ಲು ಹಿಡಿಯುವವರ ಬೆನ್ನ ಹಿಂದೆ ಕೂತರೆ ಕತೆ ಒಂದಕ್ಷರ ತಿಳಿಯುವುದಿಲ್ಲ, ಸೊಲ್ಲು ಮಾತ್ರ ತಿಳಿಯುತ್ತದೆ. ಹಿಂಬದಿಗೆ ಗೋಡೆ ಅಥವಾ ಕಲ್ಲು ಇರುವ ಮೇಳ ಸಿಕ್ಕರೆ ಅದನ್ನೇ ಆರಿಸಿ. ಬಟಾಬಯಲಲ್ಲಿ ಗಾಳಿ ಬೀಸುವಾಗ ದನಿ ಚದುರಿಹೋಗುತ್ತದೆ. ಗಾಳಿ ಇದ್ದರೆ ಅದು ಹಾಡುಗಾರನಿಂದ ನಿಮ್ಮ ಕಡೆಗೆ ಬೀಸುವಂತೆ ಕೂರುವುದು ಜಾಣತನ.

ಇನ್ನು ದೂರು. ಈ ಜಾತ್ರೆಯ ದೊಡ್ಡ ಶತ್ರು ಧ್ವನಿವರ್ಧಕ. ಪೇಟೆಯ ಸಾಲಿನಲ್ಲಿ ಒಂದೊಂದು ಅಂಗಡಿಯೂ ಒಂದೊಂದು ಭಕ್ತಿಗೀತೆ ಹಾಕುತ್ತದೆ, ಎಲ್ಲವೂ ಕೀಬೋರ್ಡು, ಎಲೆಕ್ಟ್ರಾನಿಕ್ ತಾಳದ ಮೇಲೆ ಕಟ್ಟಿದವು. ಅದರ ಮೇಲೆ ಕಳೆದುಹೋದ ಮಕ್ಕಳ ಪ್ರಕಟಣೆ, ಸರತಿ ಸಾಲಿನ ಪ್ರಕಟಣೆ. ಇವುಗಳ ಮಧ್ಯೆ ಬರಿಗಂಟಲಿನ ಮೇಳ ಹಾಡಿದರೂ ಕೇಳಿಸುವುದಿಲ್ಲ. ಹಾಡುಗಾರ ಗಂಟಲು ಏರಿಸುತ್ತಾನೆ, ಒಂದು ಗಂಟೆಯಲ್ಲಿ ದನಿ ಒಡೆಯುತ್ತದೆ, ಕತೆ ಚುಟುಕಾಗುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ ಹರಿದಿನಗಳಿಗೆ ಸರ್ಕಾರ ಮಧ್ಯರಾತ್ರಿಯವರೆಗೆ ಸಡಿಲಿಕೆ ಕೊಡಬಹುದು. ಆದ್ದರಿಂದ ಕೇಳುವವರಿಗೆ ಬಂಗಾರದ ಹೊತ್ತು ಹನ್ನೆರಡರಿಂದ ನಾಲ್ಕು. ಏಳು ಗಂಟೆಗೆ ಮೇಳ ಹುಡುಕಿಟ್ಟುಕೊಂಡು, ಊಟ ಮಾಡಿ, ಹತ್ತರಿಂದ ಹನ್ನೊಂದೂವರೆವರೆಗೆ ಒಂದು ನಿದ್ದೆ ತೆಗೆದು, ಮಧ್ಯರಾತ್ರಿಗೆ ಬಂದು ಕೂರುವುದು ಅನುಭವಸ್ಥರ ಕ್ರಮ. ಆ ಹೊತ್ತಿಗೆ ಮೇಳದ ಗಂಟಲೂ ಕಾಯ್ದಿರುತ್ತದೆ, ಮಕ್ಕಳು ಮಲಗಿರುತ್ತಾರೆ, ಕೇಳಲೆಂದೇ ಎಚ್ಚರವಿರುವವರು ಮಾತ್ರ ಉಳಿದಿರುತ್ತಾರೆ.

ಮೇಳ ಒಳ್ಳೆಯದೋ ಅಲ್ಲವೋ ತಿಳಿಯಲು ಕೆಲವು ಗುರುತುಗಳಿವೆ. ಮೊದಲನೆಯದು ಮಾತಿನಿಂದ ಹಾಡಿಗೆ ದಾಟುವ ಜಾಗ. ಹಾಡುಗತೆಯಲ್ಲಿ ಹಾಡು, ಮಾತು ಹೆಣೆದುಕೊಂಡಿರುತ್ತವೆ. ಪಳಗಿದ ಹಾಡುಗಾರ ಮಾತಾಡುತ್ತಲೇ ಶ್ರುತಿಗೆ ಇಳಿಯುತ್ತಾನೆ, ಎಲ್ಲಿ ಹಾಡು ಶುರುವಾಯಿತು ಎಂದು ಬೆರಳಿಟ್ಟು ತೋರಿಸಲಾಗುವುದಿಲ್ಲ. ಎರಡನೆಯದು ಸೊಲ್ಲು. ಹಿಮ್ಮೇಳದವರು ಸೊಲ್ಲನ್ನು ಹಾಡುಗಾರನ ಕೊನೆಯ ಅಕ್ಷರದ ಮೇಲೆಯೇ ಎತ್ತಿಕೊಳ್ಳಬೇಕು. ಅವನು ನಿಲ್ಲಿಸಿ, ಉಸಿರು ತೆಗೆದು, ಆಮೇಲೆ ಇವರು ಶುರುಮಾಡಿದರೆ ಕತೆಯ ಓಟ ಹರಿದುಹೋಗುತ್ತದೆ. ಮೂರನೆಯದು ಹೂಂಗುಟ್ಟುವವನು. ಕತೆಯ ಮಾತಿಗೆ “ಹೌದು”, “ಆಮೇಲೆ?” ಅನ್ನುತ್ತ ಹೋಗುವ ಆ ಒಬ್ಬ ನಿದ್ದೆಗಣ್ಣಿನಲ್ಲಿದ್ದರೆ ಮುಖ್ಯ ಹಾಡುಗಾರನೂ ಕುಗ್ಗುತ್ತಾನೆ. ಅವನು ಚುರುಕಾಗಿದ್ದರೆ ಅದೇ ಹಾಡುಗಾರ ಹೊಸ ಹೊಸ ಮಾತು ಕಟ್ಟುತ್ತಾನೆ. ಕೊನೆಯದಾಗಿ ತಂಬೂರಿ. ರಾತ್ರಿಯ ತಂಪಿಗೆ ತಂತಿಯ ಶ್ರುತಿ ಕೆಡುತ್ತದೆ, ಬೆಟ್ಟದಲ್ಲಿ ಮಾರ್ಚ್ ತಿಂಗಳಲ್ಲೂ ಹಗಲಿನ ಕಾವಿಗೂ ನಸುಕಿನ ತಂಪಿಗೂ ಅಂತರ ಬಹಳ. ಎಲೆ ಅಡಿಕೆಯ ಬಿಡುವಿನಲ್ಲಿ ತಂತಿ ಸರಿಮಾಡಿಕೊಳ್ಳುವ ಮೇಳ ಎಚ್ಚರದ ಮೇಳ.

ಬೀಸು ಕಂಸಾಳೆಯನ್ನು ಬಿಟ್ಟುಬಿಡಿ ಎಂದು ಇದರರ್ಥವಲ್ಲ. ಎಂಟು ಹತ್ತು ಜನ ಗೆಜ್ಜೆ ಕಟ್ಟಿ, ಬಿಲ್ಲೆಯನ್ನು ದಾರದಿಂದ ಬೀಸಿ, ತಲೆಯ ಮೇಲೆ, ಬೆನ್ನ ಹಿಂದೆ, ಮಂಡಿಯ ಕೆಳಗೆ ಬಟ್ಟಲಿಗೆ ತಾಗಿಸುತ್ತಾರೆ. ಮಲಗಿ, ಒಬ್ಬರ ಮೇಲೊಬ್ಬರು ನಿಂತು ಹೊಡೆಯುವ ಭಂಗಿಗಳೂ ಇವೆ. ಈಗ ಕಾಲೇಜು ಹುಡುಗಿಯರ ತಂಡಗಳೂ ಇದನ್ನು ಚೆನ್ನಾಗಿ ಮಾಡುತ್ತವೆ. ಇದನ್ನು ನೋಡುವಾಗ ಕಣ್ಣಿಗಿಂತ ಕಿವಿ ತೆರೆದಿಡಿ: ಹತ್ತು ಬಿಲ್ಲೆ ಹತ್ತು ಭಂಗಿಯಲ್ಲಿದ್ದರೂ ಪೆಟ್ಟು ಒಂದೇ ಆಗಿ ಬೀಳಬೇಕು. ಪೆಟ್ಟು ಚದುರಿ ‘ಜಣಜಣ’ ಎಂದರೆ ಅಭ್ಯಾಸ ಸಾಲದು. ವೇದಿಕೆಯ ತಂಡಗಳ ದೌರ್ಬಲ್ಯ ಏನೆಂದರೆ ಕೊಟ್ಟ ಹತ್ತು ಹದಿನೈದು ನಿಮಿಷದಲ್ಲಿ ಕಸರತ್ತೆಲ್ಲ ತೋರಿಸಬೇಕೆಂಬ ಧಾವಂತಕ್ಕೆ ಹಾಡನ್ನು ಹಿನ್ನೆಲೆಗೆ ತಳ್ಳುತ್ತವೆ. ನಿಧಾನದಿಂದ ಶುರುವಾಗಿ ಇಮ್ಮಡಿಗೆ ಏರುವ ನಡೆ ಇಲ್ಲದೆ, ಮೊದಲಿನಿಂದಲೂ ಒಂದೇ ಓಟ. ಕುಣಿಯುವವರಿಂದ ಕಡೇಪಕ್ಷ ಹತ್ತು ಅಡಿ ದೂರ ನಿಲ್ಲಿ, ಮಕ್ಕಳನ್ನು ಮುಂದಕ್ಕೆ ಬಿಡಬೇಡಿ. ಬೀಸುವಾಗ ದಾರ ಸವೆದು ಹರಿದರೆ ಕಂಚಿನ ಬಿಲ್ಲೆ ಕವಣೆ ಕಲ್ಲಿನಂತೆ ಹಾರುತ್ತದೆ.

ಬೇರೆ ಹಾಡುಗಳೂ ಜಾತ್ರೆಯಲ್ಲಿ ಸಿಗುತ್ತವೆ. ಸೋಲಿಗರ ಗೊರುಕನ ಹಾಡು ಕೇಳಲು ಸಿಕ್ಕರೆ ಬಿಡಬೇಡಿ. ವಾದ್ಯಕ್ಕಿಂತ ಗಂಟಲು, ಹೆಜ್ಜೆಗಳ ಮೇಲೆ ನಿಂತ ಹಾಡು ಅದು, ಒಂದು ಪಲ್ಲವಿಯನ್ನು ಗುಂಪೆಲ್ಲ ಸುತ್ತುತ್ತ ಎಳೆಯುತ್ತದೆ. ಮಂಟೇಸ್ವಾಮಿ ಪರಂಪರೆಯ ನೀಲಗಾರರು ತಂಬೂರಿ ಹಿಡಿದು ಬರುವುದುಂಟು, ಆದರೆ ಅವರನ್ನು ಕೇಳಲು ಸರಿಯಾದ ಜಾಗ ಕೊಳ್ಳೇಗಾಲ ಸೀಮೆಯ ಚಿಕ್ಕಲ್ಲೂರು ಜಾತ್ರೆ. ಗೊರವರ ಡಮರುಗ, ಕೊಳಲು ಕೇಳಿಸಿದರೆ ನಿಂತು ನೋಡಿ. ಉತ್ಸವದ ಮುಂದೆ ಸತ್ತಿಗೆ, ಸೂರಿಪಾನಿ ಎಂಬ ಬಿರುದುಗಳ ಜೊತೆ ನಾದಸ್ವರ, ತಮಟೆ ಇರುತ್ತವೆ. ತಮಟೆಯ ಸದ್ದು ಸಮೀಪದಿಂದ ಎದೆಗೇ ಬಡಿಯುತ್ತದೆ, ಅದರ ಸೊಗಸು ದೇವಸ್ಥಾನದ ಆವರಣದ ಹೊರಗೆ, ಮೂವತ್ತು ನಲವತ್ತು ಅಡಿ ದೂರದಲ್ಲಿ. ತೇರು ಎಳೆಯುವಾಗ ಸಾವಿರಾರು ಗಂಟಲುಗಳ “ಉಘೇ ಮಾದಪ್ಪ” ಕೂಗು ಸಂಗೀತವೇ ಸರಿ, ಅದಕ್ಕೆ ಯಾವ ತಯಾರಿಯೂ ಬೇಡ.

ಹೋಗುವ ದಾರಿ. ಬೆಂಗಳೂರಿನಿಂದ ಸುಮಾರು 210 ಕಿಲೋಮೀಟರ್, ಮೈಸೂರಿನಿಂದ 150, ಕೊಳ್ಳೇಗಾಲದಿಂದ 80ರ ಆಸುಪಾಸು. ಕೊಳ್ಳೇಗಾಲ, ಹನೂರು ಮೂಲಕ ತಾಳುಬೆಟ್ಟಕ್ಕೆ ಬಂದು ಅಲ್ಲಿಂದ ಘಟ್ಟ ಹತ್ತಬೇಕು. ಜಾತ್ರೆಗೆ ಕೆಎಸ್‌ಆರ್‌ಟಿಸಿ ಹೆಚ್ಚುವರಿ ಬಸ್ಸು ಬಿಡುತ್ತದೆ. ತಿರುವಿನ ರಸ್ತೆಯಲ್ಲಿ ಸಾಲುಗಟ್ಟಿದ ವಾಹನಗಳ ನಡುವೆ ಸ್ವಂತ ಕಾರಿಗಿಂತ ಬಸ್ಸೇ ವಾಸಿ. ಇತ್ತೀಚೆಗೆ ಜಾತ್ರೆಯ ದಿನಗಳಲ್ಲಿ ದ್ವಿಚಕ್ರ ವಾಹನಗಳಿಗೆ ನಿರ್ಬಂಧ ಹಾಕುವುದುಂಟು, ಹೊರಡುವ ಮೊದಲು ಜಿಲ್ಲಾಡಳಿತದ ಪ್ರಕಟಣೆ ನೋಡಿಕೊಳ್ಳಿ. ಅಮಾವಾಸ್ಯೆಯಂದು ಮಧ್ಯಾಹ್ನ ಮೂರರೊಳಗೆ ಬೆಟ್ಟದ ಮೇಲಿರುವಂತೆ ಹೊರಟರೆ ಬೆಳಕಿರುವಾಗಲೇ ಜಾಗ ನೋಡಿಟ್ಟುಕೊಳ್ಳಬಹುದು. ಕ್ಷೇತ್ರದ ಅಭಿವೃದ್ಧಿ ಪ್ರಾಧಿಕಾರದ ವಸತಿಗೃಹಗಳಲ್ಲಿ ಜಾತ್ರೆಯ ಹೊತ್ತಿಗೆ ಕೋಣೆ ಸಿಗುವುದು ಕಷ್ಟ. ರಾತ್ರಿಯಿಡೀ ಕೂರುವವರಿಗೆ ಕೋಣೆಯ ಅಗತ್ಯವೂ ಅಷ್ಟಿಲ್ಲ, ಜಮಖಾನ ಒಂದು, ಹೊದಿಕೆ ಒಂದು ಸಾಕು. ಹಗಲಿನ ಬಿಸಿಲಿಗೆ ಟೋಪಿ ಅಥವಾ ಟವೆಲು, ನಸುಕಿನ ತಂಪಿಗೆ ಹೊದಿಕೆ, ಸ್ಟೀಲಿನ ನೀರಿನ ಬಾಟಲಿ ಒಬ್ಬರಿಗೆ ಎರಡು ಲೀಟರಿನಂತೆ, ಒಂದು ಚಿಕ್ಕ ಟಾರ್ಚು. ವನ್ಯಜೀವಿಧಾಮದ ನಡುವಿನ ಕ್ಷೇತ್ರವಾದ್ದರಿಂದ ಪ್ಲಾಸ್ಟಿಕ್ ಒಯ್ಯಬೇಡಿ, ರಾತ್ರಿ ಜನವಸತಿ ದಾಟಿ ಕಾಡಿನ ಅಂಚಿಗೆ ಹೋಗಬೇಡಿ. ಊಟಕ್ಕೆ ದಾಸೋಹವಿದೆ. ಸರತಿ ಉದ್ದವಾಗಿರುವುದರಿಂದ ಕಡಲೆಪುರಿ, ರೊಟ್ಟಿ, ಚಟ್ನಿಪುಡಿ ಜೊತೆಗಿದ್ದರೆ ಹಾಡಿನ ಹೊತ್ತು ಉಳಿಯುತ್ತದೆ.

ಫೋನಿನಲ್ಲಿ ಧ್ವನಿ ಹಿಡಿಯುವವರಿಗೆ ಎರಡು ಮಾತು. ಫೋನು ತಾನಾಗಿಯೇ ಸದ್ದಿನ ಮಟ್ಟ ಏರಿಸಿ ಇಳಿಸುತ್ತದೆ. ಕಂಸಾಳೆಯ ಪೆಟ್ಟು ಬಿದ್ದೊಡನೆ ಮಟ್ಟ ಕುಸಿದು, ಹಿಂದೆಯೇ ಬರುವ ಮಾತಿನ ಮೊದಲ ಅಕ್ಷರಗಳು ಮುಳುಗುತ್ತವೆ. ಮಟ್ಟವನ್ನು ಕೈಯಿಂದ ಹೊಂದಿಸುವ ರೆಕಾರ್ಡಿಂಗ್ ಆ್ಯಪ್ ಬಳಸಿ, ಜೋರಾದ ಪೆಟ್ಟಿಗೂ ಸೂಚಕ ಕೆಂಪಿಗೆ ಮುಟ್ಟದಂತೆ ಇಳಿಸಿಕೊಂಡು, ಹನ್ನೆರಡು ಅಡಿ ದೂರದಲ್ಲಿ ಬಟ್ಟೆಯ ಮೇಲೆ ಇಡಿ. ಕೈಯಲ್ಲಿ ಹಿಡಿದರೆ ಬೆರಳಿನ ಸದ್ದು ಸೇರುತ್ತದೆ. ಹಾಡುಗಾರನನ್ನು ಕೇಳದೆ ರೆಕಾರ್ಡ್ ಮಾಡುವುದು, ಅವರ ಹೆಸರು ಊರು ಹಾಕದೆ ಯೂಟ್ಯೂಬಿಗೆ ಏರಿಸುವುದು ಅನ್ಯಾಯ. ಅವರ ಹಾಡಿನಿಂದ ಬೇರೆಯವರ ಚಾನೆಲ್ ಬೆಳೆದು ಅವರಿಗೆ ಬಿಡಿಗಾಸು ಸಿಗದಿರುವುದನ್ನು ಎಲ್ಲರೂ ನೋಡುತ್ತಿದ್ದೇವೆ. ಒಪ್ಪಿಗೆ ಪಡೆದು, ಹೆಸರು, ಊರು, ಕರೆಸಲು ಯಾರನ್ನು ಕೇಳಬೇಕು ಎಂಬುದನ್ನು ಅವರು ಹೇಳಿದಂತೆ ಹಾಕಿದರೆ ಅದೇ ಮೇಳಕ್ಕೆ ಮುಂದಿನ ವರ್ಷ ನಾಲ್ಕು ಕರೆ ಹೆಚ್ಚು ಬರುತ್ತದೆ.

ಜಾತ್ರೆಯ ಅಂಗಡಿಗಳಲ್ಲಿ ಕಂಸಾಳೆ ಕೊಳ್ಳುವ ಆಸೆ ಅನೇಕರಿಗೆ. ಅಲ್ಲಿ ತೂಗುಹಾಕಿರುವುದರಲ್ಲಿ ಬಹುಪಾಲು ಹಿತ್ತಾಳೆಯ ಭಜನೆ ತಾಳ. ಹಿತ್ತಾಳೆ ತಾಮ್ರ, ಸತುವಿನ ಬೆರಕೆ. ನಾದದ ಕಂಚು ತಾಮ್ರ, ತವರದ ಬೆರಕೆ, ಮುಕ್ಕಾಲಿಗಿಂತ ತುಸು ಹೆಚ್ಚು ತಾಮ್ರ, ಉಳಿದದ್ದು ತವರ. ಪರೀಕ್ಷೆ ಸುಲಭ. ಬಿಲ್ಲೆಯನ್ನು ದಾರದಿಂದ ತೂಗುಬಿಟ್ಟು ಅಂಚಿಗೆ ಉಗುರಿನಿಂದ ತಟ್ಟಿ. ಕಂಚಾದರೆ ನಾದ ಎಳೆದು, ಅಲೆಯಲೆಯಾಗಿ ನಿಧಾನಕ್ಕೆ ಕರಗುತ್ತದೆ. ಹಿತ್ತಾಳೆಯಾದರೆ ಬೇಗ ಸಾಯುತ್ತದೆ. ನಾದದ ಜೊತೆ ‘ಝರ್’ ಎಂಬ ಸಣ್ಣ ಗರಗರ ಇದ್ದರೆ ಬಿರುಕಿದೆ, ಬೆಲೆ ಎಷ್ಟು ಇಳಿಸಿದರೂ ಬೇಡ. ಬಟ್ಟಲು, ಬಿಲ್ಲೆ ಒಂದೇ ಎರಕದವಾಗಿರಲಿ. ಬೇರೆ ಬೇರೆ ಜೋಡಿಯಿಂದ ಸೇರಿಸಿದ್ದಾದರೆ ಎರಡರ ನಾದ ಜಗಳವಾಡುತ್ತದೆ. ಬಟ್ಟಲು ಅಂಗೈಯಲ್ಲಿ ಬೆರಳುಗಳಿಗೆ ಒಗ್ಗಬೇಕು, ದೊಡ್ಡದಾದರೆ ಮಣಿಕಟ್ಟು ಸೋಲುತ್ತದೆ. ಅಂಗಡಿಯವರು ಹಾಕಿದ ನೈಲಾನ್ ದಾರ ತೆಗೆದುಬಿಡಿ, ಅದು ಜಾರುತ್ತದೆ, ಗಂಟು ಬಿಚ್ಚಿಕೊಳ್ಳುತ್ತದೆ. ಮೂರು ಎಳೆಯ ಹತ್ತಿ ಹುರಿ ಹಾಕಿ, ಬಿಲ್ಲೆಯ ಒಳಮುಖಕ್ಕೆ ಎರಡು ಸುತ್ತಿನ ಗಂಟು ಹಾಕಿ, ಗಂಟಿಗೂ ಲೋಹಕ್ಕೂ ನಡುವೆ ಚರ್ಮದ ಚಿಕ್ಕ ತುಂಡು ಇಟ್ಟರೆ ತೂತಿನ ಅಂಚು ಹುರಿಯನ್ನು ಕೊಯ್ಯುವುದಿಲ್ಲ. ತವರ ಹೆಚ್ಚಿರುವ ಕಂಚು ಗಡಸು, ಆದರೆ ಪೆಡಸು. ಕಲ್ಲಿನ ಮೇಲೆ ಒಮ್ಮೆ ಬಿದ್ದರೆ ಸೀಳಬಹುದು, ಬಟ್ಟೆ ಸುತ್ತಿ ಚೀಲದಲ್ಲಿಡಿ. ಹುಣಸೆಹಣ್ಣಿನಿಂದ ಉಜ್ಜಿ ತೊಳೆದು ಒರೆಸಿ, ಒದ್ದೆ ಉಳಿಸಬೇಡಿ.

ಬೆಟ್ಟದಲ್ಲಿ ಮೆಚ್ಚಿದ ಮೇಳವನ್ನು ತಮ್ಮ ಊರಿನ ಜಾತ್ರೆಗೆ, ಮನೆಯ ಪರಕ್ಕೆ (ದೇವರ ಹೆಸರಿನ ಊಟಕ್ಕೆ), ಕನ್ನಡ ಸಂಘದ ಕಾರ್ಯಕ್ರಮಕ್ಕೆ ಕರೆಸುವವರು ಹೆಚ್ಚುತ್ತಿದ್ದಾರೆ, ಇದು ಒಳ್ಳೆಯ ಬೆಳವಣಿಗೆ. ಕರೆಸುವಾಗ ಮೊದಲೇ ಮಾತಾಡಬೇಕಾದದ್ದು ಹಣಕ್ಕಿಂತ ಹೊತ್ತು. ಕಡಿಮೆಯೆಂದರೆ ಎರಡು ಗಂಟೆ ಕೊಡಿ. ಭಾಷಣಗಳ ನಡುವೆ ಹತ್ತು ನಿಮಿಷ ಕೊಟ್ಟರೆ ಅವರಿಂದ ನೀವು ಪಡೆಯುವುದು ಸೊಲ್ಲು ಮಾತ್ರ, ಕತೆ ಅಲ್ಲ. ಯಾವ ಸಾಲು ಎಂದು ಮೊದಲೇ ಹೇಳಿ. ದಾರಿ ಖರ್ಚು, ಊಟ, ಮಲಗಲು ಜಾಗ, ಸಂಭಾವನೆ ನಾಲ್ಕನ್ನೂ ಬೇರೆ ಬೇರೆಯಾಗಿ ಮಾತಾಡಿ, ಕಾರ್ಯಕ್ರಮ ಮುಗಿದ ರಾತ್ರಿಯೇ ಕೊಟ್ಟುಬಿಡಿ. ದೇವರಗುಡ್ಡರ ಕೆಲವು ಮೇಳಗಳು ಹಾಡುವ ಮೊದಲು ಕಂಸಾಳೆ, ಬೆತ್ತಗಳನ್ನು ಇಟ್ಟು ಧೂಪ ಹಾಕಿ ಪೂಜೆ ಮಾಡುತ್ತವೆ, ಅದಕ್ಕೆ ಅರ್ಧ ಗಂಟೆ ಬಿಡಿ, ವೇದಿಕೆಯ ಮೇಲೆ ಚಪ್ಪಲಿ ಹಾಕಿಕೊಂಡು ಓಡಾಡುವವರನ್ನು ತಡೆಯಿರಿ.

ಮೈಕಿನ ವ್ಯವಸ್ಥೆಯಲ್ಲಿ ಹೆಚ್ಚಿನ ಕಾರ್ಯಕ್ರಮಗಳು ಕೆಡುತ್ತವೆ. ಮೇಳದ ನಡುವೆ ಒಂದೇ ಮೈಕು ನಿಲ್ಲಿಸಿದರೆ ಕಂಚು ಮಾತ್ರ ಕೇಳಿಸುತ್ತದೆ. ಕಂಸಾಳೆಗೆ ಮೈಕೇ ಬೇಡ, ಮುನ್ನೂರು ಜನರ ಸಭಾಂಗಣಕ್ಕೆ ಅದರ ಸ್ವಂತ ಸದ್ದು ಸಾಕು. ಮುಖ್ಯ ಹಾಡುಗಾರನಿಗೆ ಬಾಯಿಂದ ನಾಲ್ಕು ಬೆರಳು ದೂರಕ್ಕೆ ಒಂದು ಮೈಕು, ಸೊಲ್ಲಿನವರಿಬ್ಬರಿಗೆ ಸೇರಿ ಒಂದು, ತಂಬೂರಿಯ ಬುರುಡೆಗೆ ಹತ್ತಿರ ಒಂದು. ಹಾಡುಗಾರ ಕಂಸಾಳೆಯನ್ನು ಸೊಂಟದ ಮಟ್ಟದಲ್ಲಿ ಹಿಡಿಯುವುದರಿಂದ ಮೈಕಿನ ಹಿಂಬದಿ ಕಂಸಾಳೆಯ ಕಡೆಗಿರುವಂತೆ ತುಸು ಕೆಳಗಿನಿಂದ ಬಾಯಿಯ ಕಡೆಗೆ ವಾಲಿಸಿ. ಸೌಂಡ್ ಆಪರೇಟರ್‌ಗೆ ಎರಡು ವಿಷಯ ಹೇಳಿ: ಎಕೋ ಪೂರ್ತಿ ತೆಗೆಯಲಿ, ಟ್ರೆಬಲ್ ಇಳಿಸಲಿ. ಎಕೋ ಇದ್ದರೆ ಒಂದು ಪೆಟ್ಟಿನ ಮೇಲೆ ಇನ್ನೊಂದು ಪೆಟ್ಟು ಬಿದ್ದು ಮಾತು ಕಲಸಿಹೋಗುತ್ತದೆ. ಹಾರ್ನ್ ಸ್ಪೀಕರ್ ಬೇಡ, ಅದರಲ್ಲಿ ತಂಬೂರಿಯ ತಗ್ಗು ನಾದ ಬರುವುದೇ ಇಲ್ಲ. ಹಾಡುಗಾರ ನಿಂತು, ಕೂತು, ತಿರುಗಿ ಹೇಳುವ ಅಭ್ಯಾಸದವನಾದರೆ ಕಾಲರ್ ಮೈಕ್ ಅನುಕೂಲ ಎನಿಸಬಹುದು, ಆದರೆ ರುದ್ರಾಕ್ಷಿ ಸರ ತಾಗಿ ಕಟಕಟ ಸದ್ದು ಬರುತ್ತದೆ. ತಲೆಗೆ ಹಾಕುವ ಮೈಕೇ ಸರಿ. ಪರೀಕ್ಷೆ ಮಾಡುವಾಗ “ಹಲೋ, ಹಲೋ” ಎಂದರೆ ಸಾಲದು, ಕಂಸಾಳೆ ಹೊಡೆಯುತ್ತ ಒಂದು ಪದ ಪೂರ್ತಿ ಹಾಡಿಸಿ, ಒಬ್ಬರು ಹಿಂದಿನ ಸಾಲಿನಲ್ಲಿ ಕೂತು ಪ್ರತಿ ಮಾತೂ ತಿಳಿಯುತ್ತದೆಯೇ ನೋಡಿ. ತಿಳಿಯದಿದ್ದರೆ ಸದ್ದು ಏರಿಸಬೇಡಿ, ಸೊಲ್ಲಿನ ಮೈಕು ಇಳಿಸಿ.